ಬ್ಲೋವರ್ ಡೋರ್ ಸಂಖ್ಯೆ ಕೈಯಲ್ಲಿದೆ, ಮಾಡೆಲ್ ಮಾತ್ರ ಎರಡು ಪಟ್ಟು ಗಾಳಿ ತೋರಿಸ್ತಿದೆ. ಸೋರಿಕೆ ಗುಣಾಂಕವನ್ನೇ ಇಳಿಸಬಹುದಾ?

ನೀಲಿನಕ್ಷೆ

ಎಲ್ಲರಿಗೂ ನಮಸ್ಕಾರ. ಹತ್ತು ದಿನದಿಂದ ಒಂದೇ ಜಾಗದಲ್ಲಿ ಸಿಕ್ಕಿಕೊಂಡಿದೀನಿ, ದಯವಿಟ್ಟು ದಾರಿ ತೋರಿಸಿ.

ಮೂರು ಮಹಡಿಯ ಒಂದು ಕಚೇರಿ ಕಟ್ಟಡ. 20 ಮೀಟರ್ ಉದ್ದ, 12 ಮೀಟರ್ ಅಗಲ, 10 ಮೀಟರ್ ಎತ್ತರ, ಅಂದರೆ ಒಳಗಿನ ಘನ ಅಳತೆ 2400 ಘನ ಮೀಟರ್. ಬ್ಲೋವರ್ ಡೋರ್ ಪರೀಕ್ಷೆ (ಬಾಗಿಲಿಗೆ ಫ್ಯಾನ್ ಕಟ್ಟಿ ಒತ್ತಡ ಹುಟ್ಟಿಸಿ, ಕಟ್ಟಡ ಎಷ್ಟು ಸೋರುತ್ತೆ ಅಂತ ಅಳೆಯೋದು) ಆಗಿದೆ. ವರದಿ ಪ್ರಕಾರ 50 ಪಾಸ್ಕಲ್‌ನಲ್ಲಿ ಗಂಟೆಗೆ 8400 ಘನ ಮೀಟರ್ ಗಾಳಿ, ಅಂದರೆ ಎನ್50 ಬೆಲೆ (ಆ ಒತ್ತಡದಲ್ಲಿ ಒಳಗಿನ ಗಾಳಿ ಗಂಟೆಗೆ ಎಷ್ಟು ಸಲ ಪೂರ್ತಿ ಬದಲಾಗುತ್ತೆ ಅನ್ನೋದು) 3.5. ಅದನ್ನೇ ತಗೊಂಡು ಗಾಳಿಯ ಹರಿವು ಲೆಕ್ಕ ಹಾಕೋ ತಂತ್ರಾಂಶವಾದ ಕಾಂಟ್ಯಾಮ್‌ನಲ್ಲಿ ಮಾಡೆಲ್ ಕಟ್ಟಿದೆ. ಹರಿವು ಅಂದರೆ ಸೋರಿಕೆ ಗುಣಾಂಕ ಸಿ ಗುಣಿಸು ಒತ್ತಡದ ಘಾತ, ಆ ಘಾತಾಂಕ 0.65 ಇಟ್ಟೆ. ಪ್ರತಿ ಮಹಡಿ ಒಂದು ಝೋನ್, ಪ್ರತಿ ಗೋಡೆಯ ನಡುಮಧ್ಯಕ್ಕೆ ಒಂದು ಸೋರಿಕೆ ದಾರಿ, ವಿಸ್ತೀರ್ಣಕ್ಕೆ ತಕ್ಕಂತೆ ಹಂಚಿದೀನಿ. ಮೂರೂ ಶೌಚಾಲಯಗಳ ಎಕ್ಸಾಸ್ಟ್ ಕಿಂಡಿ (15 ಸೆಂಟಿಮೀಟರ್ ಚೌಕ) ಬೇರೆ ದಾರಿಗಳಾಗಿ ಹಾಕಿದೀನಿ. ಮಹಡಿಗಳ ನಡುವೆ ಮೆಟ್ಟಿಲು, ಅದು ತೆರೆದ ದಾರಿ.

ಹವಾಮಾನ ಫೈಲ್ ಹಾಕಿ ವರ್ಷದ ಸರಾಸರಿ ತೆಗೆದರೆ ಗಂಟೆಗೆ 0.38 ಸಲ ಗಾಳಿ ಬದಲಾಗುತ್ತೆ ಅಂತ ಬರ್ತಿದೆ. ಆದರೆ ನಾವು ಒಂದು ರಾತ್ರಿ ಮೇಲಿನ ಮಹಡಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಸೆನ್ಸರ್ ಇಟ್ಟಿದ್ವಿ. ಎಲ್ಲರೂ ಹೋದ ಮೇಲೆ 8 ಗಂಟೆಗೆ 1450 ಪಿಪಿಎಂ, 12 ಗಂಟೆಗೆ 960, ಹೊರಗೆ 430. ಲೆಕ್ಕ ಹಾಕಿದರೆ ಗಂಟೆಗೆ 0.164.

ಇನ್ನೊಂದು ವಿಷಯ: ಎನ್50ನ್ನು 20ರಿಂದ ಭಾಗಿಸುವ ಹಳೇ ಸೂತ್ರ ಇದೆಯಲ್ಲ, ಅದರಲ್ಲಿ 0.175 ಬರುತ್ತೆ. ಸೆನ್ಸರ್‌ಗೆ ಎಷ್ಟು ಹತ್ತಿರ ನೋಡಿ! ಹಾಗಾದರೆ ಮಾಡೆಲ್‌ನ ಎಲ್ಲಾ ಸೋರಿಕೆ ಗುಣಾಂಕಗಳನ್ನೂ 0.43ರಿಂದ ಗುಣಿಸಿ ತಾಳೆ ಮಾಡಿದರೆ ತಪ್ಪಾ? ವರದಿ ಕೊಡೋಕೆ ಮೂರು ವಾರ ಇದೆ.

ಸೊನ್ನೆಪಾಸ್ಕಲ್

ತಪ್ಪು. ಅಂಗಿಗೆ ಹೊಂದಲಿ ಅಂತ ಮೈಯನ್ನೇ ಕತ್ತರಿಸಿದ ಹಾಗಾಗುತ್ತೆ.

ಬೇಜಾರು ಮಾಡ್ಕೋಬೇಡಿ, ನಾನೇ ಇದನ್ನು ಮಾಡಿ ಕೈ ಸುಟ್ಟುಕೊಂಡವನು. ನಾಲ್ಕು ಮಹಡಿಯ ಒಂದು ಕಟ್ಟಡಕ್ಕೆ ಸೋರಿಕೆಯನ್ನೆಲ್ಲ ಅರ್ಧ ಮಾಡಿ ಸೆನ್ಸರ್‌ಗೆ ತಾಳೆ ಹಾಕಿದ್ದೆ. ಒಟ್ಟು ಸಂಖ್ಯೆ ಚೆನ್ನಾಗಿ ಕೂತಿತು. ಆಮೇಲೆ ಮಾಲೀಕರು ಕೇಳಿದ ಪ್ರಶ್ನೆಯೇ ಬೇರೆ: ಕೆಳಗೆ ಬಣ್ಣ ಹೊಡೆದರೆ ಮೇಲಿನವರಿಗೆ ವಾಸನೆ ಹೋಗುತ್ತಾ? ಮಾಡೆಲ್ ಹೋಗಲ್ಲ ಅಂದಿತು. ಮೊದಲ ದಿನವೇ ನಾಲ್ಕನೇ ಮಹಡಿಯವರು ಮೂಗು ಮುಚ್ಚಿಕೊಂಡು ಇಳಿದು ಬಂದರು. ಒಟ್ಟು ಸರಿ ಇತ್ತು, ಗಾಳಿ ಎಲ್ಲಿಂದ ಎಲ್ಲಿಗೆ ಹೋಗುತ್ತೆ ಅನ್ನೋದು ಪೂರ್ತಿ ತಪ್ಪಿತ್ತು. ಒಟ್ಟು ಒಂದೇ ಸಾಕು ಅನ್ನೋದಾದರೆ ಇಷ್ಟು ಝೋನ್ ಹಾಕಿ ಮಾಡೆಲ್ ಕಟ್ಟುವ ಕೆಲಸವೇ ಬೇಕಿರಲಿಲ್ಲ, ಕ್ಯಾಲ್ಕುಲೇಟರ್ ಸಾಕಿತ್ತು.

ಮೊದಲು ಆ 20ರ ವಿಷಯ ಮುಗಿಸೋಣ. ಅದು ಅನುಭವದಿಂದ ಹುಟ್ಟಿದ ಅಂದಾಜು, ಅದೂ ಮನೆಗಳ ವರ್ಷದ ಸರಾಸರಿಗೆ. 1987ರಲ್ಲಿ ಸಂಶೋಧಕ ಮ್ಯಾಕ್ಸ್ ಶರ್ಮನ್ ಅದನ್ನು ಬಿಡಿಸಿ, ಹವಾಮಾನ, ಎತ್ತರ, ಸುತ್ತಲಿನ ಮರೆ, ಸಂದುಗಳ ಬಗೆ ಇವುಗಳ ಪ್ರಕಾರ ಆ 20 ಬದಲಾಗುತ್ತೆ ಅಂತ ತೋರಿಸಿದರು. ನಿಮ್ಮ ಒಂದು ರಾತ್ರಿಯ ಸಂಖ್ಯೆಗೆ ಅದು ಹತ್ತಿರ ಬಂದಿರೋದು ಕಾಕತಾಳೀಯ. ನಿಂತ ಗಡಿಯಾರವೂ ದಿನಕ್ಕೆರಡು ಸಲ ಸರಿ ಹೇಳುತ್ತೆ.

ಈಗ ನಿಜವಾದ ಪ್ರಶ್ನೆ. ನೀವು ವರ್ಷದ ಸರಾಸರಿಯನ್ನು ಒಂದು ರಾತ್ರಿಯ ಜೊತೆ ಹೋಲಿಸ್ತಿದೀರಿ. ಆ ರಾತ್ರಿ ಗಾಳಿ ಎಷ್ಟಿತ್ತು? ಒಳಗೂ ಹೊರಗೂ ಉಷ್ಣಾಂಶದಲ್ಲಿ ಎಷ್ಟು ವ್ಯತ್ಯಾಸ? ಗಾಳಿ ಸಂಚಾರ ನಡೆಸೋದು ಈ ಎರಡೇ. 10 ಮೀಟರ್ ಎತ್ತರಕ್ಕೆ 6 ಡಿಗ್ರಿ ವ್ಯತ್ಯಾಸ ಇದ್ದರೆ ಬುಡದಿಂದ ತುದಿಗೆ ಸಿಗೋ ಒತ್ತಡ 2.4 ಪಾಸ್ಕಲ್ ಅಷ್ಟೇ. ತಟಸ್ಥ ಮಟ್ಟ (ಒಳಗಿನ, ಹೊರಗಿನ ಒತ್ತಡ ಸಮ ಆಗೋ ಎತ್ತರ) ನಡುವೆ ಇದ್ದರೆ ಬುಡದಲ್ಲಿ 1.2, ತುದಿಯಲ್ಲಿ 1.2, ನಡುವೆ ಸೊನ್ನೆ. ನೀವು 50 ಪಾಸ್ಕಲ್‌ನಲ್ಲಿ ಅಳೆದ ಕಟ್ಟಡ ಬದುಕೋದು 1 ಪಾಸ್ಕಲ್ ಆಸುಪಾಸಿನಲ್ಲಿ. ಗೋಡೆಯಲ್ಲಿ ಸೋರಿಕೆ ಸಮನಾಗಿ ಹಂಚಿದೆ ಅಂತಿಟ್ಟು ನಾನೀಗ ಕಾಗದದ ಮೇಲೆ ಮಾಡಿದ ಲೆಕ್ಕ: ಗಾಳಿಯೇ ಬೀಸದ ಅಂಥ ರಾತ್ರಿ ಗಂಟೆಗೆ ಸುಮಾರು 225 ಘನ ಮೀಟರ್, ಅಂದರೆ 0.09. ಮಾಡೆಲ್‌ಗೆ ಆ ರಾತ್ರಿಯ ಹವಾಮಾನ ಕೊಟ್ಟು ನೋಡದೆ 0.38 ಜಾಸ್ತಿಯಾಯ್ತು ಅಂತ ಹೇಳೋಕೇ ಬರಲ್ಲ.

ಬೀಸುಗಾಳಿಯದು ಇನ್ನೊಂದು ಕಥೆ. ಹವಾಮಾನ ಫೈಲಿನ ವೇಗ ಸಾಮಾನ್ಯವಾಗಿ ಬಯಲಿನಲ್ಲಿ 10 ಮೀಟರ್ ಎತ್ತರದಲ್ಲಿ ಅಳೆದದ್ದು. ಸೆಕೆಂಡಿಗೆ 4 ಮೀಟರ್ ಗಾಳಿಯ ಒತ್ತಡ 9.6 ಪಾಸ್ಕಲ್. ಸುತ್ತ ಕಟ್ಟಡ, ಮರ ಇರುವ ಜಾಗವಾದರೆ ಕಾಂಟ್ಯಾಮ್‌ನ ವಿಂಡ್ ಪ್ರೆಷರ್ ಮಾಡಿಫೈಯರ್ (ಬಯಲಿನ ಗಾಳಿಯ ಒತ್ತಡವನ್ನು ಕಟ್ಟಡದ ಜಾಗಕ್ಕೆ ಹೊಂದಿಸೋ ಗುಣಕ) ಆ ಎತ್ತರಕ್ಕೆ 0.36 ಆಗಬೇಕು, ಆಗ 9.6 ಇದ್ದದ್ದು 3.5ಕ್ಕೆ ಇಳಿಯುತ್ತೆ. ಗಾಳಿಯದೇ ಮೇಲುಗೈ ಇರುವ ಹೊತ್ತಿನಲ್ಲಿ ಹರಿವು ಅರ್ಧಕ್ಕೆ ಬೀಳುತ್ತೆ. ನಿಮ್ಮದರಲ್ಲಿ ಎಷ್ಟಿದೆ ನೋಡಿ. 1 ಇದೆ ಅಂತ ನನ್ನ ಗುಮಾನಿ.

ಇನ್ನು ಆ ಮೆಟ್ಟಿಲು. ರಾತ್ರಿ ಮೆಟ್ಟಿಲ ಬಾಗಿಲು ತೆರೆದೇ ಇರುತ್ತಾ?

ನೀಲಿನಕ್ಷೆ

ಮಾಡಿಫೈಯರ್ 1 ಇತ್ತು ಸರ್. 🙈

ಮೆಟ್ಟಿಲ ಬಾಗಿಲುಗಳು ತಾವೇ ಮುಚ್ಚಿಕೊಳ್ಳೋ ಬೆಂಕಿತಡೆ ಬಾಗಿಲುಗಳು. ರಾತ್ರಿ ಮುಚ್ಚಿರುತ್ತೆ. ಪರೀಕ್ಷೆ ಮಾಡಿದ ದಿನ ಮಾತ್ರ ಎಲ್ಲಾ ತೆರೆದಿಟ್ಟಿದ್ದರು. ಆ ರಾತ್ರಿ ವ್ಯತ್ಯಾಸ ಸುಮಾರು 6 ಡಿಗ್ರಿಯೇ (ಹೇಗೆ ಗೊತ್ತಾಯ್ತು?), ಗಾಳಿ ಸೆಕೆಂಡಿಗೆ 2 ಮೀಟರ್ ಒಳಗೇ.

ಸೊನ್ನೆಪಾಸ್ಕಲ್

6 ಅನ್ನೋದು ಸುಮ್ಮನೆ ಉದಾಹರಣೆಗೆ ಹಿಡಿದದ್ದು. ಗುಂಡು ಗುರಿಗೆ ಬಿದ್ದಿದೆ, ನಂದೇನೂ ಹೆಚ್ಚುಗಾರಿಕೆ ಇಲ್ಲ.

ಬಾಗಿಲು ಮುಚ್ಚಿರುತ್ತೆ ಅಂದರೆ ಕಟ್ಟಡವೇ ಬೇರೆ. ಒಂದು ಬಾಗಿಲಿನ ಲೆಕ್ಕ ಹಾಕಿ. ಕೆಳಗೆ 1 ಸೆಂಟಿಮೀಟರ್ ಸಂದು, 90 ಸೆಂಟಿಮೀಟರ್ ಅಗಲಕ್ಕೆ 90 ಚದರ ಸೆಂಟಿಮೀಟರ್. ಎರಡು ಪಕ್ಕ ಮತ್ತು ಮೇಲೆ 3 ಮಿಲಿಮೀಟರ್ ಸಂದು, ಸುಮಾರು 150. ಒಟ್ಟು 240. ಹರಿವಿನ ಗುಣಾಂಕ 0.6 ಹಿಡಿದರೆ ಪರಿಣಾಮದಲ್ಲಿ ಅದು 145ರ ಆಸುಪಾಸು. ಈಗ ಹೊರಗೋಡೆ: ನಿಮ್ಮ 8400ನ್ನು 4 ಪಾಸ್ಕಲ್‌ಗೆ ಇಳಿಸಿದರೆ 1626 ಘನ ಮೀಟರ್, ಪರಿಣಾಮಕಾರಿ ಸೋರಿಕೆ ವಿಸ್ತೀರ್ಣ (ಎಲ್ಲಾ ಸಂದು ಸೇರಿ ಒಂದೇ ತೂತು ಅಂತ ಹಿಡಿದರೆ ಅದರ ಅಳತೆ) 1750 ಚದರ ಸೆಂಟಿಮೀಟರ್, ಮಹಡಿಗೆ 580. ಗಮನಿಸಿ, ಹೊರಗೋಡೆಗಿಂತ ಒಳಬಾಗಿಲೇ ನಾಲ್ಕು ಪಟ್ಟು ಬಿಗಿ. ಮೂರು ಮಹಡಿ ಸೇರಿ ಒಂದು ಹೊಗೆಗೂಡಿನ ಥರ ಕೆಲಸ ಮಾಡ್ತಿಲ್ಲ, ಒಂದರ ಮೇಲೊಂದು ಇಟ್ಟ ಮೂರು ಡಬ್ಬಿಗಳ ಥರ ಇದೆ. ನೀವು ಅದಕ್ಕೆ ತೆರೆದ ದಾರಿ ಕೊಟ್ಟಿದೀರಿ. ಹೊರಸೋರಿಕೆಗೆ ಮೂರು ದಿನ ತಲೆ ಕೆಡಿಸಿಕೊಂಡು ಒಳಬಾಗಿಲಿಗೆ ಮೂರು ನಿಮಿಷ ಕೊಡೋದು ನಮ್ಮ ಕಸುಬಿನವರ ಹಳೇ ಚಾಳಿ.

ಡಬ್ಬಿಗಳಾದ ಮೇಲೆ ಗೋಡೆಗೆ ನಡುಮಧ್ಯ ಒಂದೇ ದಾರಿ ಸಾಲಲ್ಲ. ಒಂದು ದಾರಿಯಲ್ಲಿ ಒಂದು ಹೊತ್ತಿಗೆ ಗಾಳಿ ಒಂದೇ ಕಡೆ ಹರಿಯುತ್ತೆ. ನಿಜವಾದ ಗೋಡೆಯಲ್ಲಿ ಕೆಳಗಿಂದ ಒಳಬಂದು ಮೇಲಿಂದ ಹೊರಹೋಗುತ್ತೆ. ಕನಿಷ್ಠ ನೆಲದ ಹತ್ತಿರ ಒಂದು, ಸೀಲಿಂಗ್ ಹತ್ತಿರ ಒಂದು ಹಾಕಿ.

ಒಂದು ಎಚ್ಚರಿಕೆ. ನಾನು ಹೇಳಿದ 1750 ಅನ್ನೋದು 4 ಪಾಸ್ಕಲ್, ಗುಣಾಂಕ 1 ಇಟ್ಟುಕೊಂಡ ಬರ್ಕ್ಲಿ ಪದ್ಧತಿ. ಕೆನಡಾದವರ ಪದ್ಧತಿಯಲ್ಲಿ 10 ಪಾಸ್ಕಲ್, ಗುಣಾಂಕ 0.611. ಅದರಲ್ಲಿ ಇದೇ ಕಟ್ಟಡಕ್ಕೆ 3290 ಬರುತ್ತೆ. ಎರಡನ್ನೂ ಸೋರಿಕೆ ವಿಸ್ತೀರ್ಣ ಅಂತಲೇ ಕರೀತಾರೆ. ಯಾವುದೋ ಕೋಷ್ಟಕದಿಂದ ವಿಸ್ತೀರ್ಣ ಎತ್ತಿಕೊಳ್ಳೋ ಮುಂಚೆ ಅದರ ಅಡಿಟಿಪ್ಪಣಿ ಓದಿ.

ಹೊಗೆಕಡ್ಡಿ

ನಾನು ಮಾಡೆಲ್ ಕಟ್ಟೋನಲ್ಲ, ಬಾಗಿಲಿಗೆ ಫ್ಯಾನ್ ಕಟ್ಟಿ ಅಳೆಯೋನು. ಅಳೆಯೋರ ಕಡೆಯಿಂದ ಎರಡು ಮಾತು.

ವರದಿಯ ಕೊನೇ ಪುಟ ತೆಗೆದು, ಏನೇನು ಸೀಲ್ ಮಾಡಿದ್ದರು ಅಂತ ನೋಡಿ. ಐಎಸ್‌ಒ 9972ರಲ್ಲಿ (ಈ ಪರೀಕ್ಷೆಯ ಅಂತರರಾಷ್ಟ್ರೀಯ ಮಾನದಂಡ) 1ನೇ ವಿಧಾನ ಅಂದರೆ ಕಟ್ಟಡ ಬಳಕೆಯಲ್ಲಿ ಇರೋ ಸ್ಥಿತಿ. 2ನೇ ವಿಧಾನ ಅಂದರೆ ಬೇಕಂತ ಬಿಟ್ಟ ಕಿಂಡಿಗಳನ್ನೆಲ್ಲ ಸೀಲ್ ಮಾಡಿ ಬರೀ ಹೊರಕವಚ ಅಳೆಯೋದು. ನಿಮ್ಮ ಎಕ್ಸಾಸ್ಟ್ ಕಿಂಡಿಗಳಿಗೆ ಮುಚ್ಚಳವೇ ಇಲ್ಲದೆ, ಟೇಪೂ ಹಾಕದೆ ಅಳೆದಿದ್ದರೆ ಅವು ಆ 8400ರ ಒಳಗೇ ಇವೆ. ನೀವು ಮತ್ತೆ ಬೇರೆ ದಾರಿ ಹಾಕಿದೀರಿ. ಒಂದೇ ಕಿಂಡಿಗೆ ಎರಡು ಲೆಕ್ಕ.

ಎರಡನೇದು, 0.65 ಎಲ್ಲಿಂದ ಬಂತು? ಅಳೆದದ್ದಾ, ಅಭ್ಯಾಸದಿಂದ ಹಾಕಿದ್ದಾ? ನಾವು ಒಂದೇ ಬಿಂದು ಅಳೆಯಲ್ಲ. ಹತ್ತು ಹತ್ತು ಪಾಸ್ಕಲ್‌ ಹೆಜ್ಜೆಯಲ್ಲಿ ಹೋಗ್ತೀವಿ, ಒಳಕ್ಕೆ ಒತ್ತಿ ಒಂದು ಸಲ, ಹೊರಕ್ಕೆ ಎಳೆದು ಒಂದು ಸಲ. ಆ ಕಚ್ಚಾ ಓದುಗಳನ್ನು ಕೇಳಿ ತಗೊಳ್ಳಿ, ಗೆರೆ ಎಳೆದರೆ ಘಾತಾಂಕ ತಾನಾಗೇ ಸಿಗುತ್ತೆ. 0.5ಕ್ಕಿಂತ ಕೆಳಗೋ 1ಕ್ಕಿಂತ ಮೇಲೋ ಬಂದರೆ ಪರೀಕ್ಷೆಯಲ್ಲೇ ಏನೋ ಎಡವಟ್ಟಾಗಿದೆ: ಗಾಳಿ ಜೋರಿತ್ತು, ಇಲ್ಲಾ ನಡುವೆ ಯಾವುದೋ ಟೇಪ್ ಕಿತ್ತು ಬಂತು. ನನಗೆ ಒಂದು ಸಲ 0.47 ಬಂದಿತ್ತು. ಹುಡುಕಿದರೆ 40 ಪಾಸ್ಕಲ್ ದಾಟಿದಾಗೆಲ್ಲ ಮೇಲಿನ ಮಹಡಿಯ ಒಂದು ಕಿಟಕಿ ತನ್ನ ರಬ್ಬರ್‌ಗೆ ಒತ್ತಿಕೊಂಡು ಬಿಗಿಯಾಗ್ತಿತ್ತು, ಇಳಿಸಿದರೆ ಸಡಿಲ.

ಸೊನ್ನೆಪಾಸ್ಕಲ್

ಹೊಗೆಕಡ್ಡಿಯವರ ಮಾತಿಗೆ ಒಂದು ಬಾಲ. ಘಾತಾಂಕ ಎಷ್ಟು ಕಾಡುತ್ತೆ ಅಂದರೆ, ಅದೇ 8400ನ್ನು 4 ಪಾಸ್ಕಲ್‌ಗೆ ಇಳಿಸಿದಾಗ 0.6ಕ್ಕೆ 1845, 0.65ಕ್ಕೆ 1626, 0.7ಕ್ಕೆ 1434. 1 ಪಾಸ್ಕಲ್‌ಗೆ ಹೋದರೆ ಅಂತರ ಇನ್ನೂ ಹಿಗ್ಗುತ್ತೆ.

ಎರಡು ಲೆಕ್ಕದ ವಿಷಯದಲ್ಲೂ ಇದೇ ಆಟ. ನಿಮ್ಮ ಮೂರು ಕಿಂಡಿ ಸೇರಿ 675 ಚದರ ಸೆಂಟಿಮೀಟರ್. ಅವು ತೆರೆದ ರಂಧ್ರ, ಘಾತಾಂಕ 0.5. 50 ಪಾಸ್ಕಲ್‌ನಲ್ಲಿ ಗಂಟೆಗೆ 1330 ಘನ ಮೀಟರ್ ಬಿಡುತ್ತವೆ, 8400ರಲ್ಲಿ 16%. ಹಾಗಾಗಿ ಸಂದುಗಳ ಪಾಲು 7070 ಮಾತ್ರ. ಆದರೆ 4 ಪಾಸ್ಕಲ್‌ಗೆ ಇಳಿದಾಗ ಸಂದುಗಳ ಹರಿವು ಬೇಗ ಕುಗ್ಗುತ್ತೆ, ರಂಧ್ರದ್ದು ಅಷ್ಟು ಕುಗ್ಗಲ್ಲ. ಆಗ ಕಿಂಡಿಗಳ ಪಾಲು 22% ಹತ್ತಿರ. ಸುಮ್ಮನೆ 16% ಕಳೆದು ಬಿಡೋದಲ್ಲ. 50ರಲ್ಲಿ ಕಳೆದು, ಉಳಿದದ್ದಕ್ಕೆ ಹೊಸ ಸಿ ಬೆಲೆ ಕಂಡುಹಿಡಿದು, ಕಿಂಡಿಗಳನ್ನು ಬೇರೆಯಾಗೇ ಇಡಿ.

ಕೊನೆಗೆ ಸೆನ್ಸರ್. ಒಳಗೆ ಬೆಚ್ಚಗಿದ್ದಾಗ ಹೊರಗಿನ ಗಾಳಿ ಕೆಳಗಿಂದ ನುಗ್ಗುತ್ತೆ. ಮೇಲಿನ ಮಹಡಿಗೆ ಮೆಟ್ಟಿಲ ಕಡೆಯಿಂದ ಬರೋದು ಕೆಳಗಿನವರು ಆಗಲೇ ಉಸಿರಾಡಿ ಬಿಟ್ಟ ಗಾಳಿ, ಅದರಲ್ಲಿ ಪಿಪಿಎಂ ಇದ್ದೇ ಇರುತ್ತೆ. ಅಲ್ಲಿ ಇಳಿಕೆ ನಿಧಾನ. ನಿಮ್ಮ 0.164 ಇಡೀ ಕಟ್ಟಡದ ಸಂಖ್ಯೆ ಅಲ್ಲ, ಕಟ್ಟಡದಲ್ಲೇ ಅತಿ ಸೋಮಾರಿ ಮಹಡಿಯದು. ಮೂರು ಸೆನ್ಸರ್ ಇಡಿ. ಸಂಜೆ ಬಾಗಿಲು ತೆರೆದು ಫ್ಯಾನ್ ಹಾಕಿ ಮೂರೂ ಮಹಡಿಯನ್ನು ಒಂದೇ ಮಟ್ಟಕ್ಕೆ ತಂದು, ಆಮೇಲೆ ಬಾಗಿಲು ಮುಚ್ಚಿ ಬಿಟ್ಟುಬಿಡಿ. ಅದೇ ರಾತ್ರಿಯ ಹವಾಮಾನ ಕೊಟ್ಟು ಮಾಡೆಲ್‌ನಲ್ಲೂ ಅದೇ ಅನಿಲ ಓಡಿಸಿ. ಸಂಖ್ಯೆಗೆ ಸಂಖ್ಯೆ ಹೋಲಿಸಬೇಡಿ, ಗೆರೆಗೆ ಗೆರೆ ಹೋಲಿಸಿ.

ಅರೆತೆರೆದಕಿಟಕಿ

ನಡುವೆ ಬಾಯಿ ಹಾಕ್ತೀನಿ, ಕ್ಷಮಿಸಿ. ನಾನು ಯಾವಾಗಲೂ ಎನ್50ನ್ನೇ ಒಂದು ಕಟ್ಟಡದಿಂದ ಇನ್ನೊಂದಕ್ಕೆ ಎರವಲು ತಗೋತೀನಿ. ಪರೀಕ್ಷೆಯೇ ಆಗದ ಕಟ್ಟಡಕ್ಕೆ ಬೇರೇನು ಮಾಡೋದು?

ಸೊನ್ನೆಪಾಸ್ಕಲ್

ಎರವಲು ತಗೊಳ್ಳಿ, ಆದರೆ ಹೊರಕವಚದ ಚದರ ಮೀಟರ್ ಲೆಕ್ಕದಲ್ಲಿ. ಸೋರೋದು ಗೋಡೆ, ಒಳಗಿನ ಜಾಗ ಸೋರಲ್ಲ. ಈ ಕಟ್ಟಡದ ಹೊರಕವಚ ನೆಲ, ಚಾವಣಿ ಸೇರಿ 1120 ಚದರ ಮೀಟರ್, ಅಂದರೆ ಚದರ ಮೀಟರಿಗೆ 7.5. ಇದೇ ಗುಣಮಟ್ಟದ ಗೋಡೆಯಿಂದ ಉದ್ದ, ಅಗಲ, ಎತ್ತರ ಎಲ್ಲ ಎರಡರಷ್ಟಿರೋ ಕಟ್ಟಡ ಕಟ್ಟಿದರೆ ಎನ್50 ತಾನಾಗೇ ಅರ್ಧ, 1.75 ಆಗಿಬಿಡುತ್ತೆ. ಗೋಡೆ ಒಂಚೂರೂ ಬಿಗಿಯಾಗಿಲ್ಲ! ದೊಡ್ಡ ಕಟ್ಟಡದವರು ಎನ್50 ಹೇಳಿಕೊಂಡು ಬೀಗೋದು ಇದಕ್ಕೇ. ಮನೆಯ ಎನ್50ನ್ನು ದೊಡ್ಡ ಕಟ್ಟಡಕ್ಕೆ ಹಾಕಿದರೆ ಸೋರಿಕೆ ಉಬ್ಬುತ್ತೆ, ದೊಡ್ಡದರದ್ದನ್ನು ಮನೆಗೆ ಹಾಕಿದರೆ ಕುಗ್ಗುತ್ತೆ. ಮತ್ತೆ ಒಂದೇ ಬೆಲೆ ಹಾಕಿ ಕೂರಬೇಡಿ, ಬಿಗಿ, ನಡುವಿನ, ಸಡಿಲ ಅಂತ ಮೂರು ಸಲ ಓಡಿಸಿ.

ನೀಲಿನಕ್ಷೆ

ಹದಿನೈದು ದಿನ ಆಯ್ತು, ಬಂದು ಹೇಳಲಿಲ್ಲ ಅಂದರೆ ಸರಿಯಾಗಲ್ಲ.

ವರದಿಯ ಕೊನೇ ಪುಟದಲ್ಲಿ ಹೊಗೆಕಡ್ಡಿಯವರು ಹೇಳಿದ ಹಾಗೇ ಇತ್ತು: ಶೌಚಾಲಯದ ಕಿಂಡಿ ಸೀಲ್ ಮಾಡಿಲ್ಲ, ಮುಚ್ಚಳ ಇಲ್ಲ. ಕಚ್ಚಾ ಓದುಗಳಿಂದ ಘಾತಾಂಕ 0.64 ಬಂತು, 0.65ನ್ನೇ ಇಟ್ಟುಕೊಂಡೆ. ಸಂದುಗಳ ಪಾಲನ್ನು 7070ಕ್ಕೆ ಇಳಿಸಿದೆ, ಮಾಡಿಫೈಯರ್ 0.36 ಮಾಡಿದೆ, ಗೋಡೆಗೆ ಎರಡೆರಡು ದಾರಿ ಹಾಕಿದೆ, ಮೆಟ್ಟಿಲ ಬಾಗಿಲಿನ ಸಂದನ್ನು ಟೇಪ್ ಹಿಡಿದು ಅಳೆದೆ (ಕೆಳಗಿನ ಸಂದು ಎರಡು ಮಹಡಿಯಲ್ಲಿ 1 ಸೆಂಟಿಮೀಟರ್, ಒಂದರಲ್ಲಿ ಬೆರಳೇ ಹೋಗಲ್ಲ).

ಮೂರು ಸೆನ್ಸರ್ ಇಟ್ಟು ರಾತ್ರಿ ಬಿಟ್ಟೆವು. ಇಳಿಕೆಯ ದರ ಗಂಟೆಗೆ ಕೆಳಗೆ 0.26, ನಡುವೆ 0.18, ಮೇಲೆ 0.15. ಮಾಡೆಲ್‌ನ ಗೆರೆಗಳು ಅದೇ ಕ್ರಮದಲ್ಲಿ 0.17, 0.17, 0.14. ಎರಡು ಮಹಡಿ ಕೂತಿತು, ನೆಲಮಹಡಿ ಹತ್ತಿರಕ್ಕೂ ಬರಲಿಲ್ಲ. ಮತ್ತೆ ಗುಣಾಂಕ ಏರಿಸಿಬಿಡೋಣ ಅಂತ ಕೈ ತುರಿಸಿತು, ನಿಜ ಹೇಳ್ತೀನಿ. ತಡೆದುಕೊಂಡು ಹೊಗೆ ಪೆನ್ಸಿಲ್ (ಗಾಳಿಯ ದಿಕ್ಕು ತೋರಿಸೋಕೆ ಸಣ್ಣ ಹೊಗೆ ಬಿಡೋ ಕಡ್ಡಿ) ಹಿಡಿದು ನೆಲಮಹಡಿ ಸುತ್ತಿದೆ. ಎಲೆಕ್ಟ್ರಿಕಲ್ ಪ್ಯಾನಲ್ ಇರೋ ಗೂಡಿನ ಬಾಗಿಲ ಸಂದಿಗೆ ಹಿಡಿದ ತಕ್ಷಣ ಹೊಗೆ ನನ್ನ ಮುಖಕ್ಕೇ ತಿರುಗಿತು. ಬಾಗಿಲು ತೆಗೆದರೆ, ಪ್ಯಾನಲ್ ಹಿಂದೆ ಹೊರಗಿಂದ ಕೇಬಲ್ ಬರೋ ಕಿಂಡಿ. ಕೇಬಲ್‌ಗಳು ಒಂದು ಮೂಲೆಯಲ್ಲಿ, ಉಳಿದದ್ದು ಖಾಲಿ. ಅಳೆದರೆ 12ಕ್ಕೆ 30 ಸೆಂಟಿಮೀಟರ್. ಆಚೆ ಕಡೆ ಬೆಳಕು ಕಾಣ್ತಿತ್ತು.

50 ಪಾಸ್ಕಲ್‌ನಲ್ಲಿ ಅದೊಂದೇ ಗಂಟೆಗೆ 710 ಘನ ಮೀಟರ್! ಒಟ್ಟು ಸಂದುಗಳ ಹತ್ತನೇ ಒಂದು ಪಾಲು. ಪರೀಕ್ಷೆಯ ಒಟ್ಟಿನಲ್ಲಿ ಅದು ಮೊದಲಿಂದಲೂ ಇತ್ತು, ನಾನು ಮೂರೂ ಮಹಡಿಯ ಗೋಡೆಗೆ ಬಳಿದಿದ್ದೆ ಅಷ್ಟೇ. ಗೋಡೆಗಳಿಂದ ಕಳೆದು ಅಲ್ಲಿಗೆ ಒಂದು ರಂಧ್ರವಾಗಿ ಹಾಕಿದೆ. ಈಗ 0.24, 0.16, 0.14. ಒಟ್ಟು 8400 ಹಾಗೇ ಇದೆ, ಒಂದು ಘನ ಮೀಟರೂ ಕಡಿಮೆ ಮಾಡಿಲ್ಲ.

ಒಂದೇ ತೊಂದರೆ. ಕಿಂಡಿ ತೋರಿಸಿದ ಮರುದಿನವೇ ಕಟ್ಟಡದವರು ಫೋಮ್ ಹೊಡೆದು ಮುಚ್ಚಿಬಿಟ್ಟರು. ಮಾಡೆಲ್‌ನಿಂದ ಆ ರಂಧ್ರ ತೆಗೆದು ವರದಿ ಕೊಡಲಾ, ಮತ್ತೆ ಬ್ಲೋವರ್ ಡೋರ್ ಮಾಡಿಸಬೇಕಾ?

ಹೊಗೆಕಡ್ಡಿ

ಆ ಗೂಡಿನ ಬಾಗಿಲು ಪರೀಕ್ಷೆಯ ದಿನ ಮುಚ್ಚಿತ್ತೋ ತೆರೆದಿತ್ತೋ, ಅದನ್ನು ಅಳೆದವರ ಹತ್ತಿರ ಮೊದಲು ಕೇಳಿ. ಮುಚ್ಚಿದ್ದರೆ ಗಾಳಿ ಬಾಗಿಲ ಸಂದಿಯಿಂದ ನುಸುಳಿ ಬರಬೇಕಿತ್ತು, ಆಗ ಪೂರ್ತಿ 710 ಹರಿದಿರಲ್ಲ, ಗೋಡೆಗಳಿಂದ ನೀವು ಜಾಸ್ತಿ ಕಳೆದಿದೀರಿ ಅಂತಾಯ್ತು. ಮತ್ತೆ ಮಾಡಿಸೋದೇ ಒಳ್ಳೇದು. ಅರ್ಧ ದಿನದ ಕೆಲಸ. ಕಿಂಡಿಗಳನ್ನು ಹೋದ ಸಲದ ಹಾಗೇ ಬಿಟ್ಟು ಅಳೆಯೋಕೆ ಹೇಳಿ, ಇಲ್ಲದಿದ್ದರೆ ಎರಡು ಸಂಖ್ಯೆ ಹೋಲಿಸೋಕೆ ಬರಲ್ಲ. 7700ರ ಹತ್ತಿರ ಬಂದರೆ ನಿಮ್ಮ 710 ಸರಿ.

ಸೊನ್ನೆಪಾಸ್ಕಲ್

ಹೌದು, ಮಾಡಿಸಿ. ಅವರು ಫ್ಯಾನ್ ಕಟ್ಟಿದ ದಿನ ನೀವೂ ಅಲ್ಲೇ ಇರಿ, ಹೊಗೆ ಪೆನ್ಸಿಲ್ ಜೇಬಲ್ಲಿರಲಿ. 50 ಪಾಸ್ಕಲ್‌ನಲ್ಲಿ ಎಳೆದು ನಿಲ್ಲಿಸಿದ ಹೊತ್ತಿಗೆ ಎರಡನೇ, ಮೂರನೇ ಮಹಡಿಯ ಇಂಥದೇ ಗೂಡುಗಳ ಬಾಗಿಲು ತೆಗೆದು ನೋಡಿ. ಕೇಬಲ್ ಮೇಲಕ್ಕೂ ಹೋಗಿರಬೇಕಲ್ಲ.